ಕೊಡಚಾದ್ರಿ ಚಾರಣದ ಪ್ಯಾಕೇಜು: ದಾರಿ ತೋರಿಸಿದವನಿಗೆ ಪೂರ್ಣ ಅಂಕ, ಗಡಿಯಾರಕ್ಕೆ ಇಲ್ಲ

ಹೊಸನಗರ ತಾಲ್ಲೂಕಿನ ನಿಟ್ಟೂರಿನ ಆಸುಪಾಸಿನಲ್ಲಿ ಈಗ ಹೋಂಸ್ಟೇಗಳಿಗೆ ಬರವಿಲ್ಲ. ಹಿಂದಿನ ಸಂಜೆ ಬಂದು ತಂಗುವುದು, ಬೆಳಿಗ್ಗೆ ಮಾರ್ಗದರ್ಶಿಯೊಬ್ಬರ ಜೊತೆ ಹಿಡ್ಲುಮನೆ ಜಲಪಾತದ ದಾರಿಯಾಗಿ ಕೊಡಚಾದ್ರಿ ಹತ್ತುವುದು, ಮಧ್ಯಾಹ್ನದ ಮೇಲೆ ಜೀಪಿನಲ್ಲಿ ಇಳಿದು ಬರುವುದು, ಇಷ್ಟನ್ನು ಒಂದೇ ದರಕ್ಕೆ ಕಟ್ಟಿಕೊಡುವ ಪ್ಯಾಕೇಜೊಂದರಲ್ಲಿ ಮಳೆ ಹಿಂದೆ ಸರಿದ ಕಾರ್ತಿಕದ ದಿನಗಳಲ್ಲಿ ನಮ್ಮ ಸಣ್ಣ ಗುಂಪು ಹೋಗಿಬಂತು. ಹೋಂಸ್ಟೇಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಎತ್ತುವ ದೂರುಗಳು ಒಂದು ಮನೆಗೆ ಮಾತ್ರ ಸೇರಿದವಲ್ಲವೆಂದು ಮೇಲೆ ಸಿಕ್ಕ ಬೇರೆ ಗುಂಪುಗಳ ಮಾತಿನಿಂದಲೇ ತಿಳಿಯಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟ ಹತ್ತಿಸುವ ಭಾಗಕ್ಕೆ ಕೊಟ್ಟ ಹಣ ಪೈಸೆ ಪೈಸೆಯೂ ಸಾರ್ಥಕವಾಗಿದೆ. ಆದರೆ ಅಷ್ಟು ಶ್ರಮಪಟ್ಟು ಹತ್ತಿದವರಿಗೆ ಶಿಖರದಲ್ಲಿ ಕೊಡುವ ಸಮಯ ಮಾತ್ರ ತೀರಾ ಜುಗ್ಗತನದ್ದು.

ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರವಿರುವ ಕೊಡಚಾದ್ರಿ ರಾಜ್ಯದ ಅತಿ ಎತ್ತರದ ಬೆಟ್ಟಗಳ ಸಾಲಿಗೆ ಸೇರುವುದಿಲ್ಲ. ಮುಳ್ಳಯ್ಯನಗಿರಿಯನ್ನೋ ಕುದುರೆಮುಖವನ್ನೋ ಕಂಡವರಿಗೆ ಈ ಅಂಕಿ ಸಪ್ಪೆಯಾಗಿಯೇ ಕಾಣಬಹುದು. ಆದರೆ ಘಟ್ಟದ ಪಶ್ಚಿಮದ ಅಂಚಿನಲ್ಲಿಯೇ ನಿಂತಿರುವ ಬೆಟ್ಟವಿದು. ಒಂದು ಮಗ್ಗುಲು ಕೊಲ್ಲೂರಿನ ಕಡೆಗೆ ಕಡಿದಾಗಿ ಇಳಿದರೆ ಇನ್ನೊಂದು ಮಗ್ಗುಲು ಮಲೆನಾಡಿನ ಕಾಡು, ಗದ್ದೆ, ಅಡಿಕೆ ತೋಟಗಳತ್ತ ಮೆಲ್ಲನೆ ಹರಡಿಕೊಳ್ಳುತ್ತದೆ. ಅರಬ್ಬಿ ಸಮುದ್ರದಿಂದ ಎದ್ದು ಬರುವ ಮೋಡಗಳು ಮೊದಲು ತಾಗುವುದು ಇಂಥ ಗೋಡೆಗಳಿಗೇ ಆದ್ದರಿಂದ ಇಲ್ಲಿ ಮಳೆ, ಮಂಜು, ಗಾಳಿ ಮೂರೂ ಹೇಳದೆ ಕೇಳದೆ ಬರುತ್ತವೆ. ಸುತ್ತಲಿನ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಆದ್ದರಿಂದ ಮನಸ್ಸಿಗೆ ಬಂದ ಕಡೆ ನುಗ್ಗುವುದಕ್ಕಾಗಲಿ, ಬೆಂಕಿ ಹಾಕುವುದಕ್ಕಾಗಲಿ, ಡೇರೆ ಹೂಡುವುದಕ್ಕಾಗಲಿ ಅವಕಾಶವಿಲ್ಲ. ಇದನ್ನು ಪ್ಯಾಕೇಜಿನವರು ಫೋನಿನಲ್ಲಿಯೇ ಸ್ಪಷ್ಟವಾಗಿ ಹೇಳಿದ್ದರು. ರಾತ್ರಿ ಬೆಟ್ಟದ ಮೇಲೆ ಕ್ಯಾಂಪ್‌ಫೈರ್ ಮಾಡಿಸುತ್ತೇವೆ ಎಂದು ಆಸೆ ತೋರಿಸುವವರು ಸಿಕ್ಕರೆ ಅವರನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ವಸತಿ ಮತ್ತು ಊಟದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹಳೆಯ ಹೆಂಚಿನ ಮನೆಗೆ ಹೊಸದಾಗಿ ಸೇರಿಸಿದ ಕೋಣೆಗಳು ಚೊಕ್ಕಟವಾಗಿದ್ದವು, ಹಾಸಿಗೆಗಳಲ್ಲಿ ಮಲೆನಾಡಿನ ಮಳೆಗಾಲ ಬಿಟ್ಟುಹೋಗುವ ಮುಗ್ಗಲು ವಾಸನೆ ಇರಲಿಲ್ಲ, ಬಚ್ಚಲಿನ ಹಂಡೆಯಲ್ಲಿ ಕೊನೆಯವನ ಸ್ನಾನದವರೆಗೂ ಬಿಸಿನೀರಿತ್ತು. ರಾತ್ರಿ ಊಟಕ್ಕೆ ಒಂದೆಲಗದ ತಂಬುಳಿ, ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಇದ್ದವು. ಮೆಚ್ಚಬೇಕಾದ ಸಂಗತಿಯೆಂದರೆ ಬುತ್ತಿ. ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಚಿತ್ರಾನ್ನವನ್ನೂ ಒಂದು ತುಂಡು ಬೆಲ್ಲವನ್ನೂ ಇಟ್ಟು, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿಕೊಟ್ಟಿದ್ದರು. ಬ್ಯಾಗಿನಲ್ಲಿ ನಾಲ್ಕು ಗಂಟೆ ಕುಲುಕಾಡಿದರೂ ಒಂದು ಅಗುಳೂ ಹೊರಗೆ ಬರಲಿಲ್ಲ, ಮತ್ತು ತಿಂದಾದ ಮೇಲೆ ಬೆಟ್ಟದಲ್ಲಿ ಎಸೆಯಲು ನಮ್ಮ ಕೈಯಲ್ಲಿ ಪ್ಲಾಸ್ಟಿಕ್ ಎಂಬುದೇ ಇರಲಿಲ್ಲ. ಎಲೆಯನ್ನೂ ಬಿಸಾಡಬೇಡಿ ಎಂದು ಮಾರ್ಗದರ್ಶಿ ತಡೆದು ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡರು.

ಈ ಮಾರ್ಗದರ್ಶಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಡೀ ಪ್ಯಾಕೇಜಿನ ಬೆಲೆ ನಿಂತಿರುವುದು ಇವರ ಮೇಲೆ. ನಡುವಯಸ್ಸು ದಾಟಿದ, ಅದೇ ಊರಿನ ಕೃಷಿಕರು. ನಾವೆಲ್ಲ ದುಬಾರಿ ಬೂಟು ಹಾಕಿಕೊಂಡು ಮುಗ್ಗರಿಸುತ್ತಿದ್ದ ಕಡೆಗಳಲ್ಲಿ ಅವರು ಸವೆದ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ನಿರಾಯಾಸವಾಗಿ ನಡೆದರು. ಹೊರಡುವ ಮುನ್ನ ಪ್ರತಿಯೊಬ್ಬರ ನೀರಿನ ಬಾಟಲಿಯನ್ನು ಎತ್ತಿ ನೋಡಿ, ಕಡಿಮೆಯಿದ್ದವರನ್ನು ಮರಳಿ ಅಡುಗೆಮನೆಗೆ ಕಳಿಸಿದರು. ಮನೆಯಿಂದಲೇ ತಂದಿದ್ದ ಬಿದಿರಿನ ಊರುಗೋಲುಗಳನ್ನು ನಮ್ಮ ನಮ್ಮ ಎತ್ತರ ನೋಡಿ ಹಂಚಿದರು. ಹೊಗೆಸೊಪ್ಪನ್ನು ನೆನೆಸಿದ ಎಣ್ಣೆಯನ್ನು ಕಾಲಿಗೆ ಹಚ್ಚಿಸಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿಸಿ, ಸಾಕ್ಸಿನ ಮೇಲೆ ಸುಣ್ಣದ ಗೆರೆ ಎಳೆದರು. ಇಷ್ಟಾದರೂ ಹಳ್ಳದ ಬದಿಯ ತರಗೆಲೆಗಳಲ್ಲಿ ಉಂಬಳಗಳು ಬಾಲದ ಮೇಲೆ ಎದ್ದು ನಿಂತು ತಲೆ ಆಡಿಸುತ್ತಲೇ ಇದ್ದವು, ಮತ್ತು ಅವುಗಳಲ್ಲಿ ಕೆಲವು ಗೆದ್ದವು. ಗುಂಪಿನಲ್ಲಿದ್ದ ಒಬ್ಬ ಹುಡುಗ ಉಂಬಳವನ್ನು ಕಿತ್ತು ತೆಗೆಯಲು ಹೋದಾಗ ಅವರು ಕೈ ಹಿಡಿದು ನಿಲ್ಲಿಸಿ, ಉಗುರಿನ ಅಂಚಿನಿಂದ ಅದರ ಬಾಯಿಯ ಬುಡವನ್ನು ಪಕ್ಕಕ್ಕೆ ಸರಿಸಿ ಬಿಡಿಸುವ ವಿಧಾನ ತೋರಿಸಿದರು. ಬಿಡಿಸಿದ ಮೇಲೂ ರಕ್ತ ನಿಲ್ಲದ್ದನ್ನು ಕಂಡು ಹುಡುಗ ಗಾಬರಿಯಾದ. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ಪದಾರ್ಥವನ್ನು ಗಾಯದೊಳಗೆ ಬಿಡುವುದರಿಂದ ಹೀಗಾಗುತ್ತದೆಯೇ ಹೊರತು ಭಯಪಡುವಂಥದ್ದೇನೂ ಇಲ್ಲ. ಮಾರ್ಗದರ್ಶಿಗೆ ಹಿರುಡಿನ್ ಹೆಸರು ಬೇಕಾಗಲಿಲ್ಲ. ಕಾಗದದ ಚೂರೊಂದನ್ನು ಗಾಯಕ್ಕೆ ಅಂಟಿಸಿ, "ಒಂದು ಗಂಟೆ ಮುಟ್ಬೇಡ ತಮ್ಮ, ಅದೇ ನಿಲ್ತದೆ" ಎಂದಷ್ಟೇ ಹೇಳಿ ಮುಂದೆ ನಡೆದರು.

ಹಿಡ್ಲುಮನೆ ಜಲಪಾತ ಒಂದೇ ಧಾರೆಯಾಗಿ ಬೀಳುವುದಿಲ್ಲ. ಬಂಡೆಗಳ ಮೆಟ್ಟಿಲುಗಳ ಮೇಲೆ ಹಂತ ಹಂತವಾಗಿ ಇಳಿಯುತ್ತದೆ, ಮತ್ತು ಬೆಟ್ಟ ಹತ್ತುವ ದಾರಿ ಅದರ ಪಕ್ಕದಲ್ಲಿಯೇ ಸಾಗುತ್ತದೆ. ಕೆಲವು ಕಡೆ ಬೇರುಗಳನ್ನು ಹಿಡಿದುಕೊಂಡು, ನಾಲ್ಕೂ ಕೈಕಾಲು ಬಳಸಿ ಏರಬೇಕು. ಮಾರ್ಗದರ್ಶಿ ಇಲ್ಲದೆ ಇಲ್ಲಿಗೆ ಬರಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಈ ಒಂದು ಭಾಗವೇ ಸಾಕು. ಯಾವ ಬಂಡೆ ಹಿಡಿಯುತ್ತದೆ, ಯಾವುದು ಜಾರುತ್ತದೆ ಎಂಬುದು ಹೊಸಬರ ಕಣ್ಣಿಗೆ ತಿಳಿಯುವುದೇ ಇಲ್ಲ. "ಒಣಗಿದ್ದು ಕಂಡ್ರೂ ಕಪ್ಪು ಕಲ್ಲು ನಂಬ್ಬೇಡಿ ಸರ್, ಅದ್ರ ಮೇಲೆ ಪಾಚಿ ಇರ್ತದೆ" ಎಂದು ಹೇಳಿದ ಅವರು, ಅತ್ಯಂತ ಇಕ್ಕಟ್ಟಿನ ಏರಿನಲ್ಲಿ ತಾವು ಕೆಳಗೆ ನಿಂತು, ಪ್ರತಿಯೊಬ್ಬರ ಹಿಮ್ಮಡಿಯನ್ನು ಕೈಯಿಂದ ಹಿಡಿದು ಸರಿಯಾದ ಬಿರುಕಿನಲ್ಲಿ ಇಟ್ಟರು. ಗುಂಪಿನಲ್ಲಿ ಅರುವತ್ತು ದಾಟಿದ ಮಹಿಳೆಯೊಬ್ಬರಿದ್ದರು. ಅವರನ್ನು ಹತ್ತಿಸಿದ ರೀತಿಯಲ್ಲಿ ಅವಸರವೂ ಇರಲಿಲ್ಲ, ಪ್ರದರ್ಶನವೂ ಇರಲಿಲ್ಲ. ಮಳೆ ಜೋರಾಗಿರುವ ದಿನಗಳಲ್ಲಿ ಈ ದಾರಿಯನ್ನು ಬಿಟ್ಟುಬಿಡಬೇಕು. ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ನೀರು ಏಕಾಏಕಿ ಏರುತ್ತದೆ, ಮತ್ತು ಅಂಥ ದಿನಗಳಲ್ಲಿ ಪ್ರವೇಶಕ್ಕೆ ತಡೆ ಹಾಕಿದರೆ ಅದು ಪ್ರವಾಸಿಗರ ಒಳ್ಳೆಯದಕ್ಕೇ.

ಮಾರ್ಗದರ್ಶಿಯ ಬಗ್ಗೆ ಇನ್ನೊಂದು ಮಾತು. ಶಿವಮೊಗ್ಗ ಜಿಲ್ಲೆಯ ಕಾಡಿಗೆ ಹೋಗುವವರು ಮಂಗನ ಕಾಯಿಲೆಯ ವಿಷಯ ತಿಳಿದಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವನ್ನು ಹರಡುವುದು ಉಣುಗುಗಳು. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದರೆ ಆ ಸುತ್ತಿನಲ್ಲಿ ಸೋಂಕಿರುವ ಉಣುಗುಗಳು ಇರುವ ಸಾಧ್ಯತೆ ಹೆಚ್ಚು. ಉಂಬಳದ ಕಾಲ ಮಳೆಗಾಲವಾದರೆ ಉಣುಗಿನ ಕಾಟ ಹೆಚ್ಚುವುದು ಒಣಹವೆ ಶುರುವಾದ ಮೇಲೆ, ಸುಮಾರಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಚಾರಣಕ್ಕೆ ಹೆಚ್ಚು ಜನ ಬರುವುದೂ ಇದೇ ಅವಧಿಯಲ್ಲಿ. ನಾವು ಹೋದಾಗ ಆ ಕಾಲ ಇನ್ನೂ ಶುರುವಾಗಿರಲಿಲ್ಲ. ಆದರೂ ಹೋಂಸ್ಟೇಯ ಜಗಲಿಯಲ್ಲಿ ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುವ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲದ ಬಾಟಲಿ ಕಾಣುವಂತೆಯೇ ಇತ್ತು, ಮತ್ತು ಮರಳಿದ ಮೇಲೆ ಬಿಸಿನೀರಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ, ಬಟ್ಟೆಗಳನ್ನು ಬೇರೆಯಾಗಿ ಇಡಿ ಎಂದು ಮಾರ್ಗದರ್ಶಿ ನೆನಪಿಸಿದರು. ಪ್ರವಾಸಿಗರು ಹೆದರಿ ಬಾರದೆ ಹೋದಾರು ಎಂದು ಈ ವಿಷಯವನ್ನು ಮುಚ್ಚಿಡುವ ವ್ಯಾಪಾರಿ ಜಾಣತನ ಇಲ್ಲಿ ಕಾಣಲಿಲ್ಲ. ಚಾರಣ ಮುಗಿಸಿ ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಾನು ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಹೇಳುವುದು ಮುಖ್ಯ.

ಜಲಪಾತದ ನಂತರ ಕಾಡು ದಟ್ಟವಾಗಿ, ಆಮೇಲೆ ಇದ್ದಕ್ಕಿದ್ದಂತೆ ಮುಗಿದು, ಹುಲ್ಲಿನ ಬೋಳು ಗುಡ್ಡಗಳು ತೆರೆದುಕೊಳ್ಳುತ್ತವೆ. ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು ಉಳಿದಿದೆ. ಸಿಂಗಳೀಕಗಳಿರುವ ಸೀಮೆ ಇದು ಎಂದು ಓದಿಕೊಂಡು ಹೋಗಿದ್ದೆವಾದರೂ ನಮಗೆ ಒಂದೂ ಕಾಣಲಿಲ್ಲ, ಮತ್ತು ತೋರಿಸುತ್ತೇನೆಂಬ ಸುಳ್ಳು ಭರವಸೆಯನ್ನು ಮಾರ್ಗದರ್ಶಿ ಕೊಡಲೂ ಇಲ್ಲ. ಚುರುಕಾಗಿ ನಡೆಯುವವರು ನಾಲ್ಕು ಗಂಟೆಯೊಳಗೆ ಮೂಲ ಮೂಕಾಂಬಿಕೆಯ ದೇವಸ್ಥಾನದ ಬಳಿ ತಲುಪಬಹುದು. ನಿಧಾನವಾಗಿ ಹತ್ತುವವರಿಗೆ ಐದು ಗಂಟೆಯಾದರೂ ಬೇಕು. ದೇವಸ್ಥಾನದ ಎದುರು ನೆಟ್ಟಿರುವ ಎತ್ತರದ ಕಬ್ಬಿಣದ ಕಂಬವನ್ನು ಮುಟ್ಟಿ ನೋಡದೆ ಮುಂದೆ ಹೋಗಬಾರದು. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೆಂದು ಜನ ನಂಬುವ ಈ ಕಂಬ ವರ್ಷದ ಹಲವು ತಿಂಗಳು ಮಳೆ ಮಂಜುಗಳಲ್ಲಿ ನೆನೆಯುತ್ತಿದ್ದರೂ ತುಕ್ಕಿಗೆ ಕರಗಿ ಹೋಗಿಲ್ಲ, ಮತ್ತು ಲೋಹತಜ್ಞರ ಕುತೂಹಲವನ್ನೂ ಸೆಳೆದಿದೆ. ಬೆಟ್ಟದ ಮಣ್ಣಿನಲ್ಲಿಯೇ ಕಬ್ಬಿಣದ ಅಂಶ ಹೇರಳವಾಗಿದೆ ಎನ್ನುವುದಕ್ಕೆ ನಮ್ಮ ಪ್ಯಾಂಟಿನ ಮೊಣಕಾಲಿಗೆ ಹತ್ತಿದ ಕೆಂಪು ಎರಡು ಒಗೆತಕ್ಕೂ ಹೋಗದಿರುವುದು ಸಾಕ್ಷಿ.

ದೂರು ಶುರುವಾಗುವುದು ಇಲ್ಲಿಂದ. ಕೊಡಚಾದ್ರಿ ಎಂದರೆ ಈ ದೇವಸ್ಥಾನದ ಅಂಗಳವಲ್ಲ. ಶಿಖರದ ತುದಿಯಲ್ಲಿರುವ ಸರ್ವಜ್ಞ ಪೀಠ ಎಂಬ ಪುಟ್ಟ ಕಲ್ಲಿನ ಮಂಟಪವನ್ನು ತಲುಪಲು ಇಲ್ಲಿಂದ ಮತ್ತೆ ಕಡಿದಾದ ಏರಿನಲ್ಲಿ ಮುಕ್ಕಾಲು ಗಂಟೆ ನಡೆಯಬೇಕು. ಆದಿ ಶಂಕರರು ತಪಸ್ಸು ಮಾಡಿದ್ದರೆಂದು ಪ್ರತೀತಿ ಇರುವ ಸ್ಥಳವದು. ಅದೇ ಪ್ರತೀತಿಯ ಕಾರಣ ಕೇರಳದಿಂದ ಬರುವ ಭಕ್ತರ ಸಂಖ್ಯೆ ಎಷ್ಟಿದೆಯೆಂದರೆ, ದಾರಿಯುದ್ದಕ್ಕೂ ನಮ್ಮ ಕಿವಿಗೆ ಕನ್ನಡಕ್ಕಿಂತ ಮಲಯಾಳವೇ ಹೆಚ್ಚು ಬಿತ್ತು. ಪೀಠದಿಂದ ಪಶ್ಚಿಮದ ಇಳಿಜಾರಿನಲ್ಲಿ ಇನ್ನೂ ಕೆಳಗಿಳಿದರೆ ಚಿತ್ರಮೂಲದ ಗುಹೆ ಸಿಗುತ್ತದೆ. ಬಂಡೆಯ ಸಂದಿನಲ್ಲಿರುವ ಆ ಗುಹೆಗೆ ಹೋಗಿ ಮರಳಿ ಹತ್ತುವುದಕ್ಕೆ, ಕಾಲಿನಲ್ಲಿ ಬಲ ಉಳಿದಿರುವವರಿಗೂ, ಒಂದೂವರೆ ಗಂಟೆ ಬೇಕಾಗುತ್ತದೆ. ಇವೆರಡನ್ನೂ ಪ್ಯಾಕೇಜಿನ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಆದರೆ ಜೀಪಿನವರು ದೇವಸ್ಥಾನದ ಬಳಿ ಕಾಯುವುದು ಒಂದೂವರೆ ಗಂಟೆ ಮಾತ್ರ. ಲೆಕ್ಕ ಕೂಡಿಸಿ ನೋಡಿದರೆ ಸರ್ವಜ್ಞ ಪೀಠಕ್ಕೆ ಹೋಗಿ ಅಲ್ಲಿ ಉಸಿರು ತೆಗೆದುಕೊಂಡು ಮರಳುವಷ್ಟರಲ್ಲಿ ಆ ಅವಧಿ ಮುಗಿಯುತ್ತದೆ, ಚಿತ್ರಮೂಲ ಪಟ್ಟಿಯಲ್ಲಿಯೇ ಉಳಿಯುತ್ತದೆ. ಜೀಪಿನಲ್ಲಿಯೇ ಹತ್ತಿ ಬಂದವರಿಗಾಗಿ ಎಂದೋ ಗೊತ್ತುಮಾಡಿದ ಈ ಅವಧಿಯನ್ನು, ನಾಲ್ಕೈದು ಗಂಟೆ ನಡೆದು ದಣಿದು ಬಂದವರ ಮೇಲೂ ಯೋಚಿಸದೆ ಹೇರಿರುವುದೇ ಇದಕ್ಕೆ ಕಾರಣ.

ನಾವು ಪೀಠದ ಬಳಿ ಇದ್ದಾಗ ಮಂಜು ಸರಿದು, ಲಿಂಗನಮಕ್ಕಿಯ ಹಿನ್ನೀರು ಹೊಳೆಯಿತು. ಶರಾವತಿಗೆ 1964ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಮುಳುಗಿದ ಊರುಗಳವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಈ ಸುತ್ತಿನಲ್ಲಿದ್ದಾರೆ. ನಮ್ಮ ಮಾರ್ಗದರ್ಶಿಯೂ ಅಂಥ ಮನೆತನದವರೇ. ನೀರಿನ ನಡುವೆ ತಲೆ ಎತ್ತಿರುವ ನಡುಗಡ್ಡೆಗಳನ್ನು ಒಂದೊಂದಾಗಿ ತೋರಿಸುತ್ತ, ಯಾವುದು ಯಾವ ಊರಿನ ಗುಡ್ಡದ ನೆತ್ತಿಯಾಗಿತ್ತು ಎಂದು ಅವರು ವಿವರಿಸತೊಡಗಿದ್ದರು. ಅಷ್ಟರಲ್ಲಿ ಕೆಳಗಿನಿಂದ ಚಾಲಕನ ಫೋನ್ ಬಂತು. ಸಿಗ್ನಲ್ ಸಿಗದ ಬೆಟ್ಟ ಎಂದು ಎಲ್ಲರೂ ದೂರುವ ಕಡೆಯಲ್ಲಿ ಆ ಒಂದು ಕರೆಗೆ ಮಾತ್ರ ಸಿಗ್ನಲ್ ಹೇಗೆ ಸಿಕ್ಕಿತೋ ತಿಳಿಯದು. ವಿವರಣೆ ಅರ್ಧಕ್ಕೆ ನಿಂತಿತು. ಪ್ಯಾಕೇಜಿನ ಹಣದಲ್ಲಿ ನಿಜವಾಗಿ ಕೊಂಡುಕೊಳ್ಳಬೇಕಾದದ್ದು ಇಂಥ ಅರ್ಧ ಗಂಟೆಯನ್ನು. ಅದೇ ಇದರಲ್ಲಿ ಸೇರಿಲ್ಲ. ಸೂರ್ಯಾಸ್ತದ ಫೋಟೊ ಹಾಕಿ ಗಿರಾಕಿಗಳನ್ನು ಕರೆಯುವ ಪ್ಯಾಕೇಜು ಮಧ್ಯಾಹ್ನ ಮೂರೂವರೆಗೇ ಬೆಟ್ಟ ಇಳಿಸಿಬಿಡುತ್ತದೆ ಎಂಬುದನ್ನೂ ಬುಕಿಂಗ್ ಮಾಡುವವರು ಗಮನಿಸಬೇಕು.

ಜೀಪಿನ ಇಳಿಕೆ ಬೇರೆಯೇ ಅನುಭವ. ಕಟ್ಟಿನಹೊಳೆಯ ಕಡೆಗೆ ಇಳಿಯುವ ದಾರಿಗೆ ಡಾಂಬರು ಇಲ್ಲ. ಮಳೆನೀರು ಕೊರೆದ ಚರಂಡಿಗಳ ನಡುವೆ ಉಳಿದ ಮಣ್ಣಿನ ದಿಂಡುಗಳ ಮೇಲೆ ಚಕ್ರ ಇಡುತ್ತ, ಒಂದೊಂದು ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸುತ್ತ, ಎದುರಿನಿಂದ ಬರುವ ಜೀಪಿಗೆ ಗುಡ್ಡದ ಬದಿಗೆ ಒರಗಿ ದಾರಿ ಬಿಡುತ್ತ ಇಳಿಸುವ ಚಾಲಕರ ಕೈಚಳಕವನ್ನು ಹೊಗಳಲೇಬೇಕು. ನಮ್ಮ ಚಾಲಕ ವೇಗದ ಹುಚ್ಚಿನವನಲ್ಲ, ಮೊಬೈಲನ್ನೂ ಮುಟ್ಟಲಿಲ್ಲ. "ಮೇಲಿನ ರಾಡ್ ಹಿಡ್ಕೊಳಿ ಮಾರಾಯ್ರೆ, ಸೀಟು ಹಿಡಿದ್ರೆ ಪ್ರಯೋಜನ ಇಲ್ಲ" ಎಂದು ಹೊರಡುವಾಗಲೇ ಎಚ್ಚರಿಸಿದ್ದ. ಆದರೆ ಎಂಟು ಜನ ಕೂರುವ ಗಾಡಿಗೆ ಹತ್ತು ಜನರನ್ನು ತುಂಬಿದ್ದು ಸರಿಯಲ್ಲ. ಹಿಂದಿನ ಅಡ್ಡ ಸೀಟಿನಲ್ಲಿ ಕೂತವರ ತಲೆ ಹಲವು ಸಲ ಮೇಲಿನ ಕಂಬಿಗೆ ಬಡಿಯಿತು. ಬೆನ್ನುನೋವು ಇರುವವರು, ಗರ್ಭಿಣಿಯರು, ಎದೆಯ ಶಸ್ತ್ರಚಿಕಿತ್ಸೆ ಆದವರು ಈ ದಾರಿಯಲ್ಲಿ ಹೋಗಬಾರದು. ಕೊಲ್ಲೂರಿನಿಂದ ನೇರವಾಗಿ ಬೆಟ್ಟಕ್ಕೆ ಕೇಬಲ್ ಕಾರ್ ಹಾಕುವ ಪ್ರಸ್ತಾಪದ ಬಗ್ಗೆ ಜೀಪಿನೊಳಗೆ ಜೋರು ಚರ್ಚೆ ನಡೆಯಿತು. ಕುಲುಕಾಟದಲ್ಲಿ ನಾಲಿಗೆ ಕಚ್ಚಿಕೊಂಡವರು ಅದರ ಪರವಾಗಿದ್ದರು. ಅಂಗಳದಲ್ಲಿ ಈಗಲೇ ಬಿದ್ದಿದ್ದ ನೀರಿನ ಬಾಟಲಿಗಳನ್ನು ಕಂಡ ನನಗೆ ಆ ಉತ್ಸಾಹ ಬರಲಿಲ್ಲ.

ಹಣದ ವಿಷಯದಲ್ಲಿ ಪ್ಯಾಕೇಜಿನವರು ಇನ್ನಷ್ಟು ನೇರವಾಗಿರಬೇಕಿತ್ತು. ಫೋನಿನಲ್ಲಿ "ಎಲ್ಲ ಸೇರಿ" ಎಂದು ಹೇಳಿದ ಮೊತ್ತದಲ್ಲಿ ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಸೇರಿರಲಿಲ್ಲ. ಅದನ್ನು ನಾವು ಕೊಟ್ಟೆವು, ಅದರ ಬಗ್ಗೆ ತಕರಾರಿಲ್ಲ. ಆದರೆ ಜೀಪಿನ ಲೆಕ್ಕ ತಲಾ ಇಷ್ಟು ಎಂದಿದ್ದು, ಗಾಡಿ ತುಂಬದಿದ್ದರೆ ಖಾಲಿ ಸೀಟಿನ ಬಾಡಿಗೆಯನ್ನೂ ಇದ್ದವರೇ ಹಂಚಿಕೊಳ್ಳಬೇಕು ಎಂಬ ಷರತ್ತು ಗೊತ್ತಾದದ್ದು ಇಳಿಯುವ ಹೊತ್ತಿಗೆ. ಹತ್ತು ಜನರನ್ನು ತುರುಕಿಸಿಕೊಂಡು ಇಳಿದದ್ದರ ಹಿಂದೆ ಇದೇ ಲೆಕ್ಕಾಚಾರವಿತ್ತು. ಇನ್ನೊಂದು ಕೊರತೆ ಶೌಚಾಲಯದ್ದು. ಹೊರಟಲ್ಲಿಂದ ಬೆಟ್ಟದ ಮೇಲೆ ತಲುಪುವವರೆಗೆ ದಾರಿಯಲ್ಲಿ ಯಾವ ವ್ಯವಸ್ಥೆಯೂ ಇಲ್ಲ ಎಂಬುದನ್ನು ಮುಂಚಿತವಾಗಿ ಹೇಳಿದ್ದರೆ ಗುಂಪಿನ ಹೆಣ್ಣುಮಕ್ಕಳಿಗೆ ಅನುಕೂಲವಾಗುತ್ತಿತ್ತು. ಮಾರ್ಗದರ್ಶಿಗೆ ಇಡೀ ದಿನಕ್ಕೆ ಸಿಗುವ ಪಾಲು ಎಷ್ಟೆಂದು ಕೇಳಿದಾಗ ಅವರು ನಕ್ಕು ಮಾತು ಬದಲಿಸಿದರು. ನಾವು ಪ್ರತ್ಯೇಕವಾಗಿ ಅವರ ಕೈಗೇ ಕೊಟ್ಟೆವು, ಹೋಗುವವರು ಹಾಗೆಯೇ ಮಾಡಬೇಕೆಂದು ನನ್ನ ಸಲಹೆ.

ಬುಕಿಂಗ್ ಮಾಡುವಾಗ ಜೀಪು ಮೇಲೆ ಮೂರು ಗಂಟೆಯಾದರೂ ಕಾಯುವಂತೆ ಮೊದಲೇ ಮಾತಾಡಿಕೊಳ್ಳಿ. ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಡಬಹುದು. ಅದೂ ಆಗದಿದ್ದರೆ ಬೆಳಿಗ್ಗೆ ಐದೂವರೆಗೇ ಹೊರಡಿಸಿ ಎಂದು ಹಟ ಹಿಡಿಯಿರಿ, ಏಕೆಂದರೆ ಏಳೂವರೆಯ ತಿಂಡಿಗಾಗಿ ಕಾಯುವುದೇ ದಿನದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ನೋಂದಣಿಯ ವ್ಯವಸ್ಥೆ ತಂದಿರುವುದರಿಂದ, ನೀವು ಹೋಗುವ ದಿನಕ್ಕೆ ಈ ದಾರಿ ತೆರೆದಿದೆಯೇ, ನೋಂದಣಿಯನ್ನು ಯಾರು ಮಾಡಿಸುತ್ತಾರೆ ಎಂಬುದನ್ನೂ ಫೋನಿನಲ್ಲಿಯೇ ಬಗೆಹರಿಸಿಕೊಳ್ಳಿ. ಶಿವಮೊಗ್ಗದಿಂದ ಹೊಸನಗರ, ನಗರ ಎಂಬ ಊರುಗಳ ಮೂಲಕ ಬರುವ ಹಳೆಯ ದಾರಿಯಲ್ಲಿ, ನಗರದಲ್ಲಿರುವ ಬಿದನೂರಿನ ಕೋಟೆಯನ್ನೂ ನೋಡಿಕೊಂಡು ಬರಬಹುದು. ಸಾಗರದ ಕಡೆಯಿಂದ ಬರುವವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಸಾಲುಗಟ್ಟಿ ಕಾಯುವ ಕೆಲಸ ತಪ್ಪಿದೆ. ಸಿಗಂದೂರು, ಕೊಡಚಾದ್ರಿ, ಕೊಲ್ಲೂರು ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಗಾಡಿಗಳು ಅದರಿಂದಲೇ ಹೆಚ್ಚಿವೆಯೆಂದು ಜೀಪಿನ ಚಾಲಕ ಹೇಳಿದ. ನವರಾತ್ರಿಯ ದಿನಗಳಲ್ಲಿ ಮತ್ತು ಉದ್ದದ ವಾರಾಂತ್ಯಗಳಲ್ಲಿ ಜೀಪುಗಳೆಲ್ಲ ಕೊಲ್ಲೂರಿನ ಯಾತ್ರಿಕರಿಗೇ ಮೀಸಲಾಗಿರುತ್ತವಂತೆ. ಆಗ ಇಳಿಯಲು ಗಾಡಿ ಸಿಗದೆ ನಡೆದೇ ಬಂದವರ ಕಥೆಗಳು ಹೋಂಸ್ಟೇಯ ಜಗಲಿಯಲ್ಲಿ ಬೇಕಾದಷ್ಟು ಕೇಳಿಬಂದವು. ಆದ್ದರಿಂದ ವಾರದ ನಡುವಿನ ದಿನಗಳನ್ನೇ ಆರಿಸಿಕೊಳ್ಳಿ.